ವಾಸುವಿನ ತೀರ್ಪಿನಲ್ಲಿ ಓದದೆ ಬಿಟ್ಟ ಸಾಲು

ಸರೋಜಾ, ಆರು ವರ್ಷದ ಹಿಂದೆ ನಿನಗೆ ತೀರ್ಪು ಓದಿ ಹೇಳುವಾಗ ಒಂದು ಸಾಲನ್ನು ನಾನು ಬೇಕೆಂದೇ ಬಿಟ್ಟೆ. ಕಣ್ಣು ಮಂಜಾಗಿರಲಿಲ್ಲ, ಅರ್ಥವಾಗದೆಯೂ ಅಲ್ಲ — ಅರ್ಥವಾದದ್ದರಿಂದಲೇ ಬಿಟ್ಟೆ.

ಜೋಗೇಶ್ವರಿಯ ಶೆಡ್ಡು ನಮ್ಮ ಅಪ್ಪನದು. ಅವರ ನಂತರ ಅದು ನನಗೂ ನನ್ನ ತಮ್ಮನಾದ ನಿನ್ನ ಗಂಡ ವಾಸುವಿಗೂ ಸಮನಾಗಿ ಸೇರಬೇಕಾದದ್ದು. ನಂಟರೆಲ್ಲ ಹಾಗೆಂದರು, ನಾನು ಮಾತ್ರ ಕಾಗದ ತೋರಿಸಿರೆಂದೆ. ಏಳನೆಯ ತರಗತಿಗೆ ಶಾಲೆ ಬಿಟ್ಟು, ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಕಾನೂನಿನ ಪುಸ್ತಕ ಓದಿಕೊಂಡವನು ನಾನು — ಯಾರ ಬಾಯಿಮಾತನ್ನೂ ನಂಬದಿರುವುದೇ ವಿವೇಕವೆಂದುಕೊಂಡಿದ್ದೆ. ಶೆಡ್ಡಿನ ಬೀಗ ಬದಲಿಸಿದೆ. ವಾಸು ಅದನ್ನು ಒಡೆದು, ಇಡ್ಲಿಹಿಟ್ಟು ರುಬ್ಬುವ ತನ್ನ ಗ್ರೈಂಡರನ್ನು ಒಳಗಿಟ್ಟ. ನಾನು ಪೊಲೀಸರಿಗೆ ದೂರು ಕೊಟ್ಟೆ. ಅತಿಕ್ರಮ ಪ್ರವೇಶವೆಂದು ಅವನಿಗೆ ಶಿಕ್ಷೆಯಾಯಿತು. ಆ ದಿನ ಶೆಡ್ಡು ನನ್ನ ಸ್ವಾಧೀನದಲ್ಲಿತ್ತೆಂದು ತೀರ್ಪು ಹೇಳಿತು.

ಪಾಲಿಗಾಗಿ ತಾನು ಹೂಡಿದ ಸಿವಿಲ್ ದಾವೆ ಮುಗಿಯುವ ಮೊದಲೇ ವಾಸು ತೀರಿಕೊಂಡ. ದಾವೆ ನಿನ್ನ ಹೆಗಲಿಗೆ ಬಂತು. ನಾನು ಕ್ರಿಮಿನಲ್ ತೀರ್ಪನ್ನೇ ಅಲ್ಲಿ ಹಾಜರುಪಡಿಸಿದೆ.

"ಕಾಕಾ, ಇದನ್ನೇ ಹಿಡಿದು ಕೂತ್ರೆ ಸಿವಿಲ್ ಕೇಸ್ ನಿಲ್ಲಲ್ಲ," ಎಂದ ನನ್ನ ವಕೀಲ. "ಹಕ್ಕು ನಿಮ್ಮೊಬ್ರದೇ ಅನ್ನೋದಕ್ಕೆ ಬೇರೆ ಸಾಕ್ಷಿ ತನ್ನಿ."

ಅಂಥ ಸಾಕ್ಷಿ ಇರಲಿಲ್ಲ — ಇರಲು ಸಾಧ್ಯವೂ ಇರಲಿಲ್ಲ.

ಆ ವಾರವೇ ನೀನು ಅದೇ ತೀರ್ಪಿನ ಪ್ರತಿ ಹಿಡಿದು ಮುಲುಂಡ್‌ನ ನನ್ನ ಮನೆಗೆ ಬಂದೆ. ಎದುರು ಕಕ್ಷಿಯ ಬಳಿಗೆ! ಆದರೆ ರೇಷನ್ ಕಾರ್ಡಿನಿಂದ ಆಸ್ಪತ್ರೆಯ ಚೀಟಿಯವರೆಗೆ ನಮ್ಮ ಕುಟುಂಬದ ಎಲ್ಲರ ಕಾಗದ ಓದಿ ಹೇಳುತ್ತಿದ್ದವನು ನಾನೇ ಅಲ್ಲವೆ?

"ಭಾವ, ನೀವೇ ಓದಿ ಹೇಳಿ. ಜಗಳ ಕೋರ್ಟಲ್ಲಿ ಉಂಟು, ಇಲ್ಲಿ ಇಲ್ವಲ್ಲ," ಎಂದೆ ನೀನು. ಆಮೇಲೆ ನಕ್ಕೆ. "ಪಂಚಾಂಗವನ್ನೇ ನಂಬದ ಜನ ನೀವು. ನೀವು ಓದಿದ್ರೆ ತಪ್ಪು ಆಗ್ಲಿಕ್ಕಿಲ್ಲ."

ನಾನು ಓದಿದೆ. ಕೊನೆಯ ಪುಟದಲ್ಲಿತ್ತು — ಈ ತೀರ್ಮಾನ ಈ ಅಪರಾಧಕ್ಕಷ್ಟೇ ಸೀಮಿತ. ಜಾಗದ ಒಡೆತನವನ್ನು ಸಿವಿಲ್ ನ್ಯಾಯಾಲಯವೇ ತನ್ನ ಮುಂದಿನ ಸಾಕ್ಷ್ಯದಿಂದ ನಿರ್ಧರಿಸಬೇಕು. ಆ ಪುಟವನ್ನು ಮಡಚಿದೆ.

"ಮುಗೀತು ಸರೋಜಾ. ಒಂದು ಕೋರ್ಟು ಹೇಳಿದ್ದನ್ನು ಇನ್ನೊಂದು ಬದಲಿಸ್ಲಿಕ್ಕಿಲ್ಲ."

ನೀನು ಆ ಮಾತನ್ನೇ ನಂಬಿದೆ. ಪಾಲು ಬಿಟ್ಟುಕೊಟ್ಟು ರಾಜಿಪತ್ರಕ್ಕೆ ಸಹಿ ಹಾಕಿದೆ. ಮಗಳೊಂದಿಗೆ ಘಾಟ್ಕೋಪರ್‌ನ ಬಾಡಿಗೆ ಖೋಲಿಗೆ ಹೋದೆ. ಹೊರಡುವಾಗ ನನ್ನ ಕಾಲು ಮುಟ್ಟಿದೆ. ನಾನು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ — ಆಶೀರ್ವಾದವನ್ನೂ ಮಾಡಿದೆ.

ರಾಜಿ ರದ್ದಾಗಲೆಂದು ನೀನು ಅರ್ಜಿ ಹಾಕು. ಅದು ಮೋಸದಿಂದ ಪಡೆದ ಸಹಿಯೆಂದು ನಾನೇ ಪ್ರಮಾಣ ಮಾಡಿ ಹೇಳುತ್ತೇನೆ. ಇದನ್ನು ಕೇಳಿ ನನ್ನ ಮಕ್ಕಳು ಸಿಟ್ಟಾಗಿದ್ದಾರೆ, ಆಗಲಿ. ಅರ್ಧ ಜಾಗ ನಿನಗೆ ಸಿಗಬಹುದು. ಆದರೆ ವಾಸು — ಅಪ್ಪನ ಜಾಗಕ್ಕೇ ಕಳ್ಳನಂತೆ ನುಗ್ಗಿದವನೆಂದು ಅಣ್ಣನೇ ಕಟಕಟೆಯಲ್ಲಿ ನಿಂತು ಹೇಳಿದ್ದನ್ನು ಕೇಳಿಕೊಂಡೇ ಹೋದ. ಆ ಮಾತನ್ನು ಹಿಂತೆಗೆದುಕೊಳ್ಳಲು ನನಗೆ ಯಾವ ನ್ಯಾಯಾಲಯವೂ ಇಲ್ಲ.