ಕಾಲರ್ ಅಕ್ಕನ ಎಡಗಣ್ಣು

ನನ್ನ ತಂಗಿ ಅತ್ತಿದ್ದನ್ನ ನಾನು ನೋಡಿದ್ದು ಒಂದೇ ಸಲ, ಅವಳು ಹುಟ್ಟಿದ ದಿನ. ಆಮೇಲೆ ಇಲ್ಲವೇ ಇಲ್ಲ. ಕೋಪ ಮಾತ್ರ ಸದಾ ಮೂಗಿನ ತುದೀಲಿ. ಚಿಕ್ಕವಳಿದ್ದಾಗ ಎಡವಿ ಬಿದ್ರೆ ಎದ್ದು ಆ ಕಲ್ಲಿಗೇ ಇನ್ನೊಂದು ಸಲ ಒದ್ದು ಬರ್ತಿದ್ಲು. ಅಂಥವಳಿಗೆ ಐವತ್ತೊಂದನೇ ವಯಸ್ಸಲ್ಲಿ ಎಡಗಣ್ಣು ಸೋರೋಕೆ ಶುರುವಾಯ್ತು ನೋಡು ಮಗಾ.

ಶರ್ಟ್ ಹೊಲಿಯೋ ಫ್ಯಾಕ್ಟರೀಲಿ ಇಪ್ಪತ್ತೆರಡು ವರ್ಷ ಬರೀ ಕಾಲರ್ ಹೊಲಿದವಳು ಅವಳು. ತೋಳು ಹಚ್ಚೋರು ಬೇರೆ, ಗುಂಡಿ ಹಾಕೋರು ಬೇರೆ. ಕಾಲರಿನ ಎರಡು ಮೂಲೆ ಅಚ್ಚು ಹಾಕಿದ ಹಾಗೆ ಒಂದೇ ಸಮ ಬರ್ಬೇಕು ಅಂದ್ರೆ ಅವಳ ಕೈಯೇ ಆಗ್ಬೇಕು. ಕಾಲರ್ ಅಕ್ಕ ಅಂತಲೇ ಕರೀತಿದ್ರು ಎಲ್ಲರೂ. ನಿಜವಾದ ಹೆಸರು ಸಂಬಳದ ಚೀಟೀಲಿ ಮಾತ್ರ.

ನೋವಿಲ್ಲ, ಕೆಂಪಿಲ್ಲ. ಸುಮ್ನೆ ಕೂತಿದ್ರೂ ಎಡಗಣ್ಣಲ್ಲಿ ಹನಿ ತುಂಬೋದು, ಗಲ್ಲದವರೆಗೂ ಇಳಿಯೋದು. ಒಂದೇ ಕಣ್ಣಲ್ಲಿ ಅಳೋರು ಯಾರಾದ್ರೂ ಇದ್ದಾರಾ? ಜನಕ್ಕೆ ಅಷ್ಟೇ ಸಾಕಲ್ಲ! ಪಕ್ಕದ ಮನೆಯವಳು ಬೀದಿಗೆಲ್ಲ ಸುದ್ದಿ ಹಂಚಿದ್ಲು, ಸೊಸೆ ಊಟ ಹಾಕಲ್ವಂತೆ ಅಂತ. ಸೊಸೆ ಪಾತ್ರೆ ಕುಕ್ಕಿದ್ಲು.

"ಅತ್ತೆ, ಹಾಲಿನೋನೂ ನನ್ನನ್ನ ದುರುಗುಟ್ಟಿ ನೋಡ್ತಾನೆ. ನಾನೇನೂ ಮಾಡಿಲ್ಲ ಅಂತ ಬೀದೀಲಿ ನಿಂತು ಹೇಳಿ!"

"ಹೇಳಿದೆ ಕಣೇ! ಹೇಳ್ತಿದ್ದ ಹಾಗೇ ಸುರೀತು. ಆ ಪಕ್ಕದ ಮನೆಯವಳೇ ಪಾಪ ಅಂತ ನನ್ನ ತಲೆ ಸವರಿ ಕಳಿಸಿದ್ಲು."

ಫ್ಯಾಕ್ಟರೀಲಿ ಆಗಿದ್ದು ಇದಕ್ಕಿಂತ ಕೆಟ್ಟದ್ದು. ಬಿಳೀ ಕಾಲರ್ ಮೇಲೆ ಹನಿ ಬಿತ್ತು, ಅದರ ಮೇಲೇ ಇಸ್ತ್ರಿ ಆಯ್ತು, ಉಂಗುರದ ಹಾಗೆ ಕಲೆ ಕೂತ್ಕೊಳ್ತು. ಮೂರು ಶರ್ಟ್ ವಾಪಸ್ ಬಂದ್ವು. ಸೂಪರ್‌ವೈಸರ್ ಅವಳನ್ನ ಮಷೀನಿಂದ ಎಬ್ಬಿಸಿ ದಾರ ಕತ್ತರಿಸೋ ಮೇಜಿಗೆ ಹಾಕ್ದ, ಮೊನ್ನೆ ಮೊನ್ನೆ ಸೇರಿದವರು ಕೂರೋ ಜಾಗಕ್ಕೆ. ಒಂದನೇ ತಾರೀಖಿಂದ ಕಾಲರ್ ಮಷೀನು ಹೊಸ ಹುಡುಗಿಗೆ ಖಾಯಂ ಅಂದ.

ಅವಳಿಗೆ ಮೈಯೆಲ್ಲ ಉರಿದುಹೋಯ್ತು. ಅವನ ರೂಮಿಗೆ ನುಗ್ಗಿದ್ಲು. "ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಕಾಲರ್ ವಾಪಸ್ ಬಂದಿದೆ, ಹೇಳಿ ಸಾರ್!" ಅಂತ ಬಾಯಿ ತೆಗೆದದ್ದೇ ತಡ, ಆ ದರಿದ್ರ ಕಣ್ಣು ಧಾರಾಕಾರ. ಅವನು ಎದ್ದು ನಿಂತು ನೀರಿನ ಲೋಟ ಮುಂದಿಟ್ಟ. "ಅಳಬೇಡಿ ಅಮ್ಮಾ. ಮನೆ ಕಷ್ಟ ನನಗೆ ಅರ್ಥ ಆಗುತ್ತೆ. ನಾಲ್ಕು ದಿನ ರಜ ತಗೊಳ್ಳಿ."

ಬೈದಿದ್ರೆ ತಿರುಗಿ ಬೈಬಹುದಿತ್ತು. ಅಯ್ಯೋ ಪಾಪ ಅನ್ನೋನಿಗೆ ಏನು ಮಾಡ್ತೀಯ? ಲೋಟ ಮುಟ್ಟದೆ ಹೊರಗೆ ಬಂದ್ಲು.

ಸೊಸೆಯೇ ಕೈ ಹಿಡಿದು ಕಣ್ಣಾಸ್ಪತ್ರೆಗೆ ಎಳ್ಕೊಂಡು ಹೋದ್ಲು. ಕಾಯೋ ಬೆಂಚಿನ ಕಥೆ ಕೇಳಬೇಡ, ನನ್ನ ಸೊಂಟ ಹಿಡಿದದ್ದೂ ಅಂಥದ್ದೇ ಬೆಂಚಲ್ಲಿ. ಡಾಕ್ಟರಮ್ಮ ರೆಪ್ಪೆ ಎಳೆದು ನೋಡಿ, "ಅಶ್ರುನಾಳ ಕಟ್ಟಿಕೊಂಡಿದೆ" ಅಂದ್ರು.

"ಹಾಗಂದ್ರೆ?"

"ಕೆಳರೆಪ್ಪೆ ಮೂಗಿನ ಕಡೆ ಮುಗಿಯೋ ಜಾಗದಲ್ಲಿ ಸೂಜಿ ಚುಚ್ಚಿದಷ್ಟು ತೂತಿದೆ. ಕಣ್ಣಿನ ನೀರು ಅಲ್ಲಿಂದ ಒಂದು ಪುಟ್ಟ ಚೀಲಕ್ಕೆ ಹೋಗಿ, ಚೀಲದಿಂದ ಮೂಗಿನೊಳಕ್ಕೆ ಇಳಿಯುತ್ತೆ. ಇಳಿಯೋ ಆ ದಾರೀನೇ ಅಶ್ರುನಾಳ. ಅತ್ತಾಗ ಮೂಗು ಸುರಿಯಲ್ವಾ? ಅದಕ್ಕೇ."

"ನಾನು ಅಳ್ತಿಲ್ಲ!"

"ಗೊತ್ತಮ್ಮಾ. ಅಶ್ರು ಅಂದ್ರೆ ನಮಗೆ ದುಃಖ ಅಲ್ಲ. ಕಣ್ಣು ಒಣಗದ ಹಾಗೆ ಹಗಲೂ ರಾತ್ರಿ ಊರೋ ನೀರು. ನಗೋರಿಗೂ ಊರುತ್ತೆ."

ಎಂಟು ತಿಂಗಳಲ್ಲಿ ಮೊದಲನೇ ಸಲ ಒಬ್ಬರು ಅವಳ ಮಾತು ನಂಬಿದ್ದು. ಡಾಕ್ಟರಮ್ಮ ಬಲಗಣ್ಣಿನ ತೂತಿಗೆ ಸಿರಿಂಜಲ್ಲಿ ಉಪ್ಪುನೀರು ಬಿಟ್ರು. ಗಂಟಲಿಗೆ ಉಪ್ಪುಪ್ಪು ಬಂತು. ಎಡಗಣ್ಣಿಗೆ ಬಿಟ್ರು. ಗಂಟಲಿಗೆ ಏನೂ ಇಲ್ಲ, ಬಿಟ್ಟದ್ದೆಲ್ಲ ಕೆನ್ನೆ ಮೇಲೆ ವಾಪಸ್.

"ಮೂಲೆ ಯಾಕೆ ಹೀಗೆ ತರಚಿದೆ? ಯಾವುದರಲ್ಲಿ ಒರೆಸ್ಕೊಳ್ತೀರಿ?"

ಅವಳು ಸೊಂಟದಿಂದ ಚಿಂದಿ ತೆಗೆದು ತೋರಿಸಿದ್ಲು. ಕಾಲರಿನ ಒಳಗೆ ಕೂರಿಸೋ ಗಟ್ಟಿ ಬಟ್ಟೆ ಅದು. ಇಸ್ತ್ರಿ ಬಿಸಿಗೆ ಅಂಟ್ಕೊಳ್ಳಲಿ ಅಂತ ಒಂದು ಮಗ್ಗುಲಿಗೆ ಗೋಂದಿನ ಚುಕ್ಕಿ ಇರುತ್ತೆ, ಮುಟ್ಟಿದ್ರೆ ಮರಳಿನ ಹಾಗೆ ಒರಟು. ಕಾಲರ್ ಸಾಲಿನವರೆಲ್ಲ ಅದರಲ್ಲೇ ಮುಖ ಒರೆಸ್ಕೊಳ್ಳೋದು, ಕೈಗೆ ಸಿಗೋದೇ ಅದು.

"ಇದನ್ನ ಕಣ್ಣಿಗಾ?" ಅಂದ್ರು ಡಾಕ್ಟರಮ್ಮ. ತಂಗಿಗೆ ಆಗ ತನ್ನ ಮೇಲೇ ಸಿಟ್ಟು. ಬಟ್ಟೇಲೇ ಬದುಕಿದವಳು, ಕಣ್ಣಿಗೊಂದು ಮೆತ್ತನೆ ಬಟ್ಟೆ ಆರಿಸೋಕೆ ಬರಲಿಲ್ಲವಲ್ಲ ನನಗೆ, ಅಂತ!

ಆಪರೇಷನ್ ಮಾಡಿ ಮೂಗಿಗೆ ಹೊಸ ದಾರಿ ಮಾಡ್ತೀವಿ, ಸರದಿ ಬರೋಕೆ ಎರಡು ತಿಂಗಳು ಅಂದ್ರು. ಒಂದನೇ ತಾರೀಖಿಗೆ ಇದ್ದದ್ದು ಐದೇ ದಿನ.

ಮನೆಗೆ ಬಂದವಳೇ ಮೊಮ್ಮಗುವಿನ ಹಳೇ ಲಂಗೋಟಿ ಕತ್ತರಿಸಿದ್ಲು. ಬೆರಳಗಲದ ಪಟ್ಟಿ, ನಾಲ್ಕು ಮಡಿಕೆ, ಸುತ್ತ ಅಂಚು ಹೊಲಿಗೆ. ಹೊಲಿಯುವಾಗ ಹಾಕ್ಕೊಳ್ಳೋ ಕನ್ನಡಕದ ಎಡಗಾಜಿನ ಕೆಳಗೆ ಸಿಕ್ಕಿಸಿದ್ರೆ ಕೆನ್ನೆಗೆ ಮೆತ್ತಗೆ ಕೂತ್ಕೊಳ್ತಿತ್ತು. ಹನಿ ಇಳಿದ ಹಾಗೇ ಅದು ಕುಡೀತು. ಅಂಥವು ಹನ್ನೆರಡು ಹೊಲಿದ್ಲು.

ಮಾರನೇ ದಿನ ಊಟದ ಬಿಡುವಲ್ಲಿ ಮಷೀನು ಖಾಲಿ ಇತ್ತು. ಯಾರನ್ನೂ ಕೇಳಲಿಲ್ಲ, ಪಟ್ಟಿ ಸಿಕ್ಕಿಸ್ಕೊಂಡು ಕೂತು ಹತ್ತು ಬಿಳೀ ಕಾಲರ್ ಹೊಲಿದ್ಲು. ತಗೊಂಡು ಹೋಗಿ ಸೂಪರ್‌ವೈಸರ್ ಮೇಜಿನ ಮೇಲೆ ಬಡಿದ್ಲು.

ಎಡಗಣ್ಣು ತುಂಬಿದ್ದು ನೋಡಿ ಅವನು ನೀರಿನ ಲೋಟಕ್ಕೆ ಕೈ ಹಾಕ್ದ.

"ಲೋಟ ಕೆಳಗಿಡಿ ಸಾರ್. ನನ್ನ ಕಣ್ಣಿನ ಅಶ್ರುನಾಳ ಕಟ್ಟಿದೆ. ಇದು ನೀರು, ದುಃಖ ಅಲ್ಲ. ನನಗೆ ಬಂದಿರೋದು ಸಿಟ್ಟು! ನನ್ನ ಸೊಸೆ ಚಿನ್ನದಂಥವಳು, ನನ್ನ ಮನೇಲಿ ಯಾವ ಕಷ್ಟವೂ ಇಲ್ಲ. ಕಷ್ಟ ಇರೋದು ಈ ರೂಮಲ್ಲಿ. ನನ್ನ ಮುಖ ಬಿಟ್ಟು ಕಾಲರ್ ನೋಡಿ!"

ಅವನು ಒಂದೊಂದನ್ನೇ ಕಿಟಕಿ ಬೆಳಕಿಗೆ ಹಿಡಿದ. ಮೂಲೆ ಮೂಲೆ ಕೂಡಿಸಿ ನೋಡ್ದ. ಹತ್ತರಲ್ಲಿ ಒಂದರಲ್ಲೂ ಕಲೆ ಸಿಗಲಿಲ್ಲ.

"ಸರಿ. ನಾಳೆಯಿಂದ ನಿಮ್ಮ ಮಷೀನಲ್ಲೇ..."

"ನಾಳೆ ಯಾಕೆ? ಈಗ."

ಹೋಗಿ ಕೂತ್ಲು. ಕೂತ ಮೇಲೆ, ಹಾಳಾದ್ದು, ಬಲಗಣ್ಣೂ ತುಂಬ್ಕೊಳ್ತು. ಅದು ನಿಜವಾದದ್ದು. ಆ ಕಡೆ ಪಟ್ಟಿ ಇರಲಿಲ್ಲ. ಆದ್ರೆ ಬಲಗಡೆ ನಾಳ ಚೆನ್ನಾಗಿತ್ತಲ್ಲ, ಕೆನ್ನೆಗೆ ಬರೋ ಮೊದಲೇ ಎಲ್ಲ ಮೂಗಿಗೆ ಇಳೀತು. ಸೊರ್ ಅಂತ ಒಂದು ಸಲ ಎಳ್ಕೊಂಡ್ಲು.

"ನೆಗಡಿನಾ ಅಕ್ಕಾ?" ಅಂದ್ಲು ಪಕ್ಕದ ಮಷೀನಿನವಳು.

"ಹೂಂ ಕಣೇ, ನೆಗಡಿ. ನಿನ್ನ ಹೊಲಿಗೆ ನೋಡ್ಕೋ, ಸೊಟ್ಟ ಹೋಗ್ತಿದೆ!"