ಅಜವಾನದ ತಲೆದಿಂಬು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹುಬ್ಬಳ್ಳಿಯ ಗೌರಕ್ಕನ ಓಣಿಯಲ್ಲಿ ನಡೆಯುತ್ತಿರಲಿಲ್ಲ. ಗುಮಾಸ್ತರೂ ಮನೆಯಲ್ಲಿ ಚರಕ ತಿರುಗಿಸುತ್ತಿದ್ದ ಆ ವರ್ಷಗಳಲ್ಲಿ, ಶಿವರಾತ್ರಿ ಮುಗಿದು ಬೇವು ಹೂಬಿಟ್ಟಿತೆಂದರೆ ಓಣಿಗೆ ಓಣಿಯೇ ಸೀನತೊಡಗುತ್ತಿತ್ತು. ಮೂಗು ಸೋರುವವರಿಗೆ ಗೌರಕ್ಕ ಅರಿಶಿನ ಕೊಂಬಿನ ಹೊಗೆ ಹಾಕುವಳು, ಗಂಟಲ ಕೆರೆತಕ್ಕೆ ಮೆಣಸು-ಬೆಲ್ಲದ ಕಷಾಯ ಕೊಡುವಳು. ಉಬ್ಬಸಕ್ಕೆ ಮಾತ್ರ ಅವಳು ಕೈಯಾರೆ ಹೊಲಿದ ದಿಂಬೇ ಆಗಬೇಕು. ಗಂಡ ಕುಬೇರಪ್ಪ ಹತ್ತಿ ವ್ಯಾಪಾರಿ; ಮನೆಯ ಮುಂಭಾಗದ ಅಂಗಡಿಗೆ ಬಂದ ಹೊಸ ಹತ್ತಿಗೆ ಹುರಿದ ಅಜವಾನ ಬೆರೆಸಿ ತುಂಬಿ, ಕೇಳಿದ ಮನೆಗೆಲ್ಲ ಕೊಟ್ಟುಬಿಡುತ್ತಿದ್ದಳು. ಗುಣವಾದವರು ಅವಳ ಕೈಗುಣವನ್ನು ಹಾಡಿ ಹೊಗಳಿದರು. ಆಗದವರು ಹಣೆಬರಹ ಎಂದರು. ಅವಳಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಕೊಡುವ ಕೈಗೆ ಅಷ್ಟು ಜಂಬ ಸಲ್ಲುತ್ತದೆ.

ಆ ವರ್ಷ ಮಗಳು ಧಾರವಾಡದಿಂದ ಎರಡು ವರ್ಷದ ಕೂಸು ಗುರುಶಿದ್ದನನ್ನು ಕರೆತಂದಳು. ಬಂದ ವಾರದೊಳಗೆ ಸೀನು ಕೆಮ್ಮಾಯಿತು, ಕೆಮ್ಮು ಉಬ್ಬಸವಾಯಿತು. ಮೊಮ್ಮಗನ ಎದೆಯೊಳಗಿನ ಸಿಳ್ಳು ಕೇಳಿ ಗೌರಕ್ಕ ಅಂದೇ ಅಜವಾನ ಹುರಿದು ದಿಂಬು ಹೊಲಿದಳು. ಮಗಳು ದವಾಖಾನೆಯ ಮಾತೆತ್ತಿದರೆ ಗದರಿದಳು.

"ಊರ ಮಂದಿಗೆ ಔಷಧ ಕೊಡಾಕಿ ನಾನು. ನನ್ನ ಮೊಮ್ಮಗನ್ನ ಬ್ಯಾರೇದವರ ಕೈಯಾಗ ಕೊಡ್ಲೇನು? ಇದು ಬೇವಿನ ಹೂವಿನ ಗಾಳಿ. ಖಿಡಕಿ ಮುಚ್ಚು."

ಕಿಟಕಿಗಳು ಮುಚ್ಚಿದವು. ತಲೆಗೆ ಎರಡು ದಿಂಬು, ಬೆನ್ನಿಗೊಂದು. ಉಸಿರೆಳೆದಾಗಲೆಲ್ಲ ಕೂಸಿನ ಪಕ್ಕೆಲುಬು ಎದ್ದು ಕಾಣತೊಡಗಿತು. ಗೌರಕ್ಕ ಇನ್ನಷ್ಟು ಅಜವಾನ ಹುರಿದಳು.

ಒಂದು ಮುಂಜಾನೆ ದಿಂಬುಗಳಿಗೆ ಹೊಸ ಹತ್ತಿ ತುಂಬಲು ಅವನ್ನು ಅಂಗಡಿಗೆ ಒಯ್ದಳು. ಅಷ್ಟರಲ್ಲಿ ಮಗಳು ಕೂಸನ್ನು ಹಿತ್ತಲಲ್ಲಿ, ಬೇವಿನ ಮರದ ಕೆಳಗೇ, ಬರೀ ಚಾಪೆಯ ಮೇಲೆ ಮಲಗಿಸಿದ್ದಳು. ಬೈಯಲೆಂದು ಧಾವಿಸಿದ ಗೌರಕ್ಕ ಅಲ್ಲೇ ನಿಂತಳು. ಸಿಳ್ಳು ಇರಲಿಲ್ಲ. ಹೂವು ಮೈಮೇಲೆ ಉದುರುತ್ತಿದ್ದರೂ ಕೂಸು ನಿರಾಳವಾಗಿ ನಿದ್ದೆ ಹೋಗಿತ್ತು. ಅಂತೂ ತನ್ನ ಔಷಧ ಹತ್ತಿತು ಎಂದು ಶಿವನಿಗೆ ಕೈಮುಗಿದು, ಹೊಸ ದಿಂಬು ತಂದು ತಲೆಯಡಿ ಇಟ್ಟಳು. ನೋಡುನೋಡುತ್ತಿದ್ದಂತೆ ಕೂಸು ಸೀನಿತು. ಮತ್ತೆ ಸೀನಿತು. ಆಮೇಲೆ ಸಿಳ್ಳು ಶುರುವಾಯಿತು.

ಗೌರಕ್ಕ ದಿಂಬನ್ನು ಕಿತ್ತು ದೂರ ಎಸೆದಳು; ಅದರಿಂದೆದ್ದ ಹತ್ತಿಯ ಧೂಳು ಬಿಸಿಲಲ್ಲಿ ತೇಲಿತು. ಕೂಸನ್ನು ಮಡಿಲಿಗೆ ಹಾಕಿಕೊಂಡು ಮರದ ಕೆಳಗೇ ಕುಳಿತಳು. ಮಧ್ಯಾಹ್ನದ ಹೊತ್ತಿಗೆ ಉಸಿರು ಹದಕ್ಕೆ ಬಂತು. "ಹತ್ತಿ ಇರೋ ಮನಿ ಇವಗ ಬ್ಯಾಡ," ಎಂದು ಸಂಜೆಯ ರೈಲಿಗೇ ಮಗಳನ್ನು ಹತ್ತಿಸಿದಳು. ಮೊಮ್ಮಗ ಉಳಿದ ಎಂಬ ಸಮಾಧಾನ ಮನೆ ತಲುಪುವ ತನಕವೂ ಬಾಳಲಿಲ್ಲ. ಹತ್ತಿ ಬಿಡಿಸುವ ಕೂಲಿಗೆ ಹೋಗುವ ಹಿಂದಿನ ಓಣಿಯ ಕಾಳವ್ವ ನೆನಪಾದಳು. ಅವಳ ಮಗಳಿಗೂ ಉಬ್ಬಸ. ಮೊನ್ನೆಯಷ್ಟೇ ತಾನೇ ಹೋಗಿ ದಿಂಬು ಕೊಟ್ಟು ಬಂದಿದ್ದಳು.

ಗೌರಕ್ಕ ಓಡಿದಳು. ಕಾಳವ್ವ ಬಾಗಿಲಲ್ಲೇ ಸಿಕ್ಕಳು. ಒಳಗಿನಿಂದ ಅದೇ ಸಿಳ್ಳು ಕೇಳುತ್ತಿತ್ತು.

"ಆ ದಿಂಬು ಹೊಳ್ಳಿ ಕೊಡ ಕಾಳವ್ವಾ. ಅದರಿಂದನ ಹುಡುಗಿಗೆ ತ್ರಾಸ ಆಗಾಕತ್ತೈತಿ."

"ನಿಮ್ಮ ಕೈಗುಣ ಊರಿಗೇ ಗೊತ್ತೈತ್ರಿ ಅಕ್ಕಾರ," ಎಂದು ಕಾಳವ್ವ ನಕ್ಕಳು. "ಮೊಮ್ಮಗಗ ಆರಾಮಿಲ್ಲಂತ ಕೇಳೇನಿ. ಅವಗ ಬೇಕಾಗೈತೇನ್ರಿ?"

"ಖರೇ ಹೇಳಾಕತ್ತೇನಿ. ಹತ್ತೀನ ವಿಷ ಆಗೈತಿ. ನಿನ್ನ ಕಾಲಿಗೆ ಬೀಳ್ತೇನಿ, ಕೊಡವ್ವಾ."

ಕಾಳವ್ವನ ಮುಖ ಬಿಗಿಯಿತು. "ನಿಮ್ಮ ಮನ್ಯಾಗ ಹತ್ತಿ ರಾಶಿ ಬಿದ್ದೈತಿ. ನನ್ನ ಮಗಳ ತಲಿ ಕೆಳಗಿನ ಒಂದ ದಿಂಬಿನ ಮ್ಯಾಲೆ ಯಾಕ್ರಿ ಕಣ್ಣು? ಬಡವರ ಕೂಸು ಕೂಸಲ್ಲೇನು?"

ಅಗಳಿ ಬಿತ್ತು. ಗೌರಕ್ಕ ಎರಡೂ ಕೈಯಿಂದ ಬಾಗಿಲು ಬಡಿದಳು. ಒಳಗೆ ಕಾಳವ್ವ ಮಗಳಿಗೆ ಹೇಳುತ್ತಿದ್ದಳು:

"ಅಂಜಬ್ಯಾಡ ನನ್ನವ್ವಾ, ನಾ ಕೊಡೂದಿಲ್ಲ. ದಿಂಬಿನ್ಯಾಗ ಮಾರಿ ಇಟ್ಟು ಜೋರಾಗಿ ಉಸರ ತಗೋ."