ಮಾಸ್ತರರ ಟಿ.ವಿ.ಯಲ್ಲಿ ನನ್ನ ಹೆಜ್ಜೆ

ಅವರ ಬಲಗಾಲಿನ ಹಿಮ್ಮಡಿ ದಪ್ಪಗೆ, ಕಪ್ಪಗೆ, ಅಡ್ಡಡ್ಡ ಸೀಳು ಬಿಟ್ಟುಕೊಂಡು ಬೇಸಿಗೆಯ ಕೆರೆಯ ತಳದ ಹಾಗಿತ್ತು. ಕಣಕಾಲಿನ ಸುತ್ತ, ಗೆಜ್ಜೆ ಕಟ್ಟುತ್ತಿದ್ದ ಜಾಗದಲ್ಲಿ, ಒಂದು ಪಟ್ಟಿ ಕೂದಲೇ ಇಲ್ಲದೆ ನುಣ್ಣಗಾಗಿತ್ತು. ಕುರ್ಚಿಯಲ್ಲಿ ಕುಳಿತು ಬಸಿಗೆ ಚಹಾ ಸುರುವಿಕೊಂಡು ಕುಡಿಯುವಾಗಲೂ ಆ ಹಿಮ್ಮಡಿ ಸುಮ್ಮನಿರುತ್ತಿರಲಿಲ್ಲ. ಹಂಪಿ ಕಡೆ ಹೋಗುವ ಆಟೊದ ಗಡಗಡಕ್ಕೂ ನೆಲ ಬಡಿದು ತಾಳ ಹಾಕುತ್ತಿತ್ತು. ಲಕ್ವ ಹೊಡೆದದ್ದು ಆ ಕಾಲಿಗೇ. ದೇವರಿಗೆ ಬೇರೆ ಕಾಲು ಸಿಗಲಿಲ್ಲವೇ ಎಂದು ನಾನು ಆಸ್ಪತ್ರೆಯ ವರಾಂಡದಲ್ಲಿ ನಿಂತು ಬೈದಿದ್ದೇನೆ.

ಅವರು ಬಯಲಾಟ ಕಲಿಸುವ ಮಾಸ್ತರರು. ಮನೆ ಕಡ್ಡಿರಾಂಪುರದಲ್ಲಿ, ರಸ್ತೆಗೆ ಹತ್ತಿಕೊಂಡೇ ಇತ್ತು. ನಾನು ಟಿ.ಬಿ. ಡ್ಯಾಂನ ಕಾಲುವೆ ಆಫೀಸಿನಲ್ಲಿ ಗುಮಾಸ್ತೆ. ಆದರೆ ಯಾರಾದರೂ ನೀನು ಏನು ಮಾಡುತ್ತೀ ಎಂದರೆ ರಾಣಿಯ ಪಾತ್ರ ಮಾಡುತ್ತೇನೆ ಎಂದೇ ಬಾಯಿಗೆ ಬರುತ್ತದೆ. ಹಾಗೆ ಮಾಡಿದವರು ಇವರು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಮುಂದೆ ಬಂದು ಕುಳಿತು, "ಮೀಸಿ ಬೋಳಿಸಿದ ರಾಣೀನ ನೋಡಿ ನೋಡಿ ಜನಕ್ಕ ಬ್ಯಾಸರಾಗೈತ್ರಿ. ನಿಮ್ಮ ಹುಡುಗೀನ ಕಳಸ್ರಿ" ಎಂದಿದ್ದರು. ನೆಂಟರೆಲ್ಲ ಮುಖ ಸಿಂಡರಿಸಿದರು. ಅಪ್ಪ ಕಳಿಸಿದರು.

ಕಲಿಸುವಾಗ ಹೊಗಳುವ ಜಾತಿಯೇ ಅಲ್ಲ. "ಹೆಜ್ಜಿ ಅಂದ್ರ ನೆಲಕ್ಕ ಹೇಳೋ ಮಾತು. ಗೊಣಗಬ್ಯಾಡ. ಕೇಳೋ ಹಂಗ ಹೇಳು" ಎನ್ನುತ್ತಿದ್ದರು. ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು. ಆದರೂ ಎಂಟು ಜನ ಕುಣಿಯುತ್ತಿದ್ದರೆ ತಪ್ಪು ಹೆಜ್ಜೆ ಯಾರದೆಂದು ಹೆಸರು ಹಿಡಿದು ಕೂಗುತ್ತಿದ್ದರು. ಆ ಕಿವಿಯ ಮೇಲೆ ನಮಗೆ ಭಯವೂ ಇತ್ತು, ಜಂಬವೂ ಇತ್ತು. ಅವರ ಮದ್ದಳೆಗಾರರು ಬಂಡ್ರಿ ಊರಿನವರು, ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಮಾಸ್ತರರೂ ಕಾಕಾನೂ ಮೀಸೆ ಚಿಗುರುವಾಗಿನಿಂದ ಜೊತೆಗೇ ಊರೂರು ತಿರುಗಿದವರು; ಒಬ್ಬರನ್ನೊಬ್ಬರು "ಲೇ" ಬಿಟ್ಟು ಬೇರೆ ಕರೆದದ್ದನ್ನು ನಾನು ಕೇಳಿಲ್ಲ.

ಲಕ್ವ ಹೊಡೆದ ಮೇಲೆ ತಾಲೀಮಿಗೆ ಬರುವುದು ನಿಂತಿತು. ನಾವೇ ಒಂದು ದಾರಿ ಮಾಡಿಕೊಂಡೆವು. ತಾಲೀಮನ್ನು ಕ್ಯಾಮೆರಾದಲ್ಲಿ ಹಿಡಿದು, ಪೆನ್‌ಡ್ರೈವಿಗೆ ಹಾಕಿ, ಭಾನುವಾರ ಅವರ ಮನೆಗೆ ಒಯ್ಯುವುದು. ಅವರಲ್ಲೊಂದು ಪ್ಲಾಸ್ಮಾ ಟಿ.ವಿ. ಇತ್ತು. ಊರಿನ ಹೋಂಸ್ಟೇ ಒಂದು ಮುಚ್ಚಿದಾಗ ಅದರ ಮಾಲೀಕ, ಹೊತ್ತುಕೊಂಡು ಹೋಗಲಾರದೆ, ಇವರಿಗೆ ಕೊಟ್ಟುಹೋಗಿದ್ದ. ಕಲ್ಲಿನಂಥ ಭಾರ. ಮುಂದಿನ ಗಾಜಿನಲ್ಲಿ ಬಾಗಿಲು, ಬೀದಿ, ಹೋಗುವ ಎಮ್ಮೆ ಎಲ್ಲ ಕಾಣುತ್ತಿದ್ದವು, ಅದಕ್ಕೇ ಕಿಟಕಿ ಮುಚ್ಚಬೇಕು. ಮುಚ್ಚಿದರೆ ಆ ಟಿ.ವಿ.ಯ ಕಾವಿಗೆ ಕೋಣೆಯೇ ಒಲೆಯಾಗುತ್ತಿತ್ತು. ಹೋಂಸ್ಟೇಯಲ್ಲಿ ಹಗಲಿಡೀ ಒಂದೇ ಸುದ್ದಿ ಚಾನೆಲ್ ಹಾಕಿಟ್ಟು ಅದರ ಗುರುತಿನ ನೆರಳು ಮೂಲೆಯಲ್ಲಿ ಅಚ್ಚಾಗಿ ಉಳಿದಿತ್ತು. ನಾನು ಎಷ್ಟೇ ಚೆಂದ ಕುಣಿದರೂ ಕಿರೀಟದ ಪಕ್ಕ ಆ ಕಲೆ ಇದ್ದೇ ಇರುತ್ತಿತ್ತು.

ಅವರಿಗೆ ಮಾತ್ರ ಆ ಟಿ.ವಿ. ಎಂದರೆ ಪ್ರಾಣ. "ಇದರಾಗ ಕಾಲು ಕಾಲಿನಂಗ ಕಾಣ್ತೈತಿ. ನೆಲಕ್ಕ ಬಿದ್ರ ಬಿದ್ದಂಗ ಐತಿ" ಎನ್ನುತ್ತಿದ್ದರು. ಹೆಂಡತಿಯ ಕೈಗೆ ರಿಮೋಟ್ ಕೊಟ್ಟು, ಒಂದು ಮಧ್ಯಾಹ್ನ ಪೂರ್ತಿ ಕೂತು, ಬೆಳಕು ಕಡಿಮೆ ಮಾಡಿಸಿ, ಬಣ್ಣ ಇಳಿಸಿ ಹದಕ್ಕೆ ತಂದಿದ್ದರು. ನಾನು ನಕ್ಕರೆ, "ಮುಖದ ಮ್ಯಾಲೆ ನಾ ಹಚ್ಚಿದ ಬಣ್ಣ ಕಾಣ್ಬೇಕವ್ವ, ಟಿ.ವಿ.ಯವ ಹಚ್ಚಿದ್ದಲ್ಲ" ಎಂದರು. ಅದರ ಸದ್ದು ಮದ್ದಳೆಗೆ ಸಾಲದು ಎಂದು ಪೆನ್‌ಡ್ರೈವ್ ಹಾಕುವ ಪ್ಲೇಯರಿನಿಂದಲೇ ಒಂದು ವೈರು ಎಳೆದು ದೊಡ್ಡ ಸೌಂಡ್ ಬಾಕ್ಸಿಗೆ ಕೊಟ್ಟಿದ್ದರು. ಚಿತ್ರ ಟಿ.ವಿ.ಯದು, ಸದ್ದು ಬಾಕ್ಸಿನದು.

ಒಂದು ಮಳೆಗಾಲದಲ್ಲಿ ಕರೆಂಟು ಏರಿಳಿದು ಪ್ಲಾಸ್ಮಾ ಢಬ್ ಎಂದಿತು. ಇಂಥ ಟಿ.ವಿ. ಈಗ ಯಾರೂ ಮಾಡುವುದಿಲ್ಲ, ಸಾಮಾನೂ ಸಿಗುವುದಿಲ್ಲ ಎಂದು ಹೊಸಪೇಟೆಯ ರಿಪೇರಿಯವ ಕೈಮುಗಿದ. ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುವ ಮಗ ತಂದೆಯ ಸಂಕಟ ನೋಡಲಾರದೆ ಗೋಡೆಗಲದ ಎಲ್‌ಸಿಡಿ ತಂದು ತೂಗುಹಾಕಿದ. ಅಂಗಡಿಯವರು ಹೇಗೆ ಇಟ್ಟಿದ್ದರೋ ಹಾಗೇ ಹಚ್ಚಿದ; ಪ್ಲೇಯರು, ಸೌಂಡ್ ಬಾಕ್ಸು ಮಾತ್ರ ಹಳೆಯವೇ. ಕುಂಕುಮ ಕಣ್ಣಿಗೆ ರಾಚುತ್ತಿತ್ತು, ಹಸಿರೆಲ್ಲ ಉರಿಯುತ್ತಿತ್ತು. "ನೋಡಪ್ಪ, ಹೆಂಗ ನೈಸಾಗಿ ಓಡ್ತೈತಿ! ಬೆಣ್ಣಿ ಇದ್ದಂಗ!" ಎಂದು ಮಗ ಹಿಗ್ಗಿದ. ಮಗನ ಹಿಗ್ಗಿಗೆ ಯಾರು ತಾನೇ ಕಲ್ಲು ಹಾಕುತ್ತಾರೆ? ಮಾಸ್ತರರು "ಮಸ್ತ್ ಐತಿ" ಎಂದರು.

ಆಗ ನಾವು ಕಂಪ್ಲಿಯ ಆಟಕ್ಕೆ ತಯಾರಿ ನಡೆಸಿದ್ದೆವು. ಆ ಭಾನುವಾರ ನನ್ನ ಕುಣಿತ ಹಚ್ಚಿದೆವು. ಸ್ವಲ್ಪ ಹೊತ್ತಿಗೇ ಮಾಸ್ತರರು ಎಡಗೈ ಎತ್ತಿದರು.

"ನಿಲ್ಸು. ನೀ ತಾಳದ ಹಿಂದ ಬರಾಕತ್ತೀಯವ್ವ."

ನೋಡಿದರೆ ಹೌದು! ಮದ್ದಳೆಯ ಪೆಟ್ಟು ಬೀಳುತ್ತದೆ, ಆಮೇಲೆ ನನ್ನ ಕಾಲು. ಅದೂ ಬೀಳುವುದಲ್ಲ, ಎಣ್ಣೆ ಚೆಲ್ಲಿದ ನೆಲದ ಮೇಲೆ ಜಾರಿ ಕೂತಂತೆ. ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. "ಮಾಸ್ತರ್ರ, ನಾ ಸರಿಯಾಗೇ ಇಟ್ಟಿದ್ನಲ್ರಿ" ಎಂದೆ. "ಕಣ್ಣಿಗೆ ಕಾಣ್ತೈತಲ್ಲ, ಇನ್ನೇನು?" ಎಂದರು.

ಮರುದಿನದಿಂದ ನಾನು ಹೆಜ್ಜೆಯನ್ನು ಕೂದಲೆಳೆ ಮುಂದೆ ಇಡತೊಡಗಿದೆ. ಆಫೀಸಿನ ಮೇಜಿನ ಕೆಳಗೆ, ಬಸ್ ಸ್ಟಾಪಿನಲ್ಲಿ, ಅಡಿಗೆಮನೆಯಲ್ಲಿ, ತಾಳ ಬರುವ ಮೊದಲೇ ಕಾಲು. ಮುಂದಿನ ಭಾನುವಾರಗಳಲ್ಲಿ ಟಿ.ವಿ.ಯಲ್ಲಿ ಅದು ಸರಿಹೋಗುತ್ತ ಬಂತು. ಮಾಸ್ತರರು ತಲೆಯಾಡಿಸಿದರು. ಕಾಕಾ ಮಾತ್ರ ತಾಲೀಮಿನಲ್ಲಿ ಮದ್ದಳೆ ನಿಲ್ಲಿಸಿ ಕೇಳುತ್ತಿದ್ದರು: "ಯವ್ವಾ, ಯಾಕ ಓಡ್ತೀ? ಯಾರಾರ ಬೆನ್ನು ಹತ್ಯಾರೇನು?"

"ಮಾಸ್ತರ್ರ ಮಾತು ಕಾಕಾ."

ಅವರು ಮತ್ತೆ ಮದ್ದಳೆ ಎತ್ತಿಕೊಂಡರು. ಮಾಸ್ತರರ ಮಾತು ಎಂದರೆ ನಮ್ಮಲ್ಲಿ ಅಲ್ಲಿಗೆ ಮುಗಿಯಿತು.

ಕಂಪ್ಲಿಯಲ್ಲಿ ಮಾನ ಹೋಯಿತು. ನಾನು ಮುಂದೆ, ಮದ್ದಳೆ ಹಿಂದೆ. ಕಾಕಾ ನನ್ನನ್ನು ಹಿಡಿದು ನಿಲ್ಲಿಸಲು ನೋಡಿದಷ್ಟೂ ನಾನು ಓಡಿದೆ. ಹಿಮ್ಮೇಳದ ಹಾಡು ಎರಡರ ನಡುವೆ ಸಿಕ್ಕಿ ಒದ್ದಾಡಿತು. ಜನ ಮೊದಲು ಗುಸುಗುಸು ಎಂದರು, ಆಮೇಲೆ ಸೀಟಿ ಹೊಡೆದರು.

ಮರುದಿನ ಕಾಕಾ ನೇರ ಕಡ್ಡಿರಾಂಪುರಕ್ಕೆ ಬಂದರು. ನಾನೂ ಅಲ್ಲಿದ್ದೆ.

"ಏನು ಕಲಿಸೀಯಲೇ ಈ ಹುಡುಗಿಗೆ? ಚಂದಾಗಿದ್ದ ಹೆಜ್ಜೀನ ಹಾಳು ಮಾಡಿಟ್ಟಿ!"

"ನೀನ ಓಡಿಸ್ತೀಯಲೇ ಮದ್ದಳೀನ. ನಾ ನೋಡೀನಿ."

"ಡಬ್ಬಿಯಾಗ ನೋಡೀಯ! ನಿಂಗ ಲಕ್ವ ಕಾಲಿಗೆ ಹೊಡದೈತಿ ಅನ್ಕಂಡಿದ್ನಿ. ಕಿವಿಗೂ ಹೊಡದೈತಿ."

ಕಾಕಾ ಮೆಟ್ಟಿಲಿಳಿದು ಹೋದರು. ಮಾಸ್ತರರ ಹೆಂಡತಿ ಕೈಯಲ್ಲಿ ಚಹಾದ ತಟ್ಟೆ ಹಿಡಿದು ಹಾಗೇ ನಿಂತಿದ್ದರು. ಮಾಸ್ತರರು ನನ್ನ ಕಡೆ ತಿರುಗಿ, "ಅವ ಸುಳ್ಳು ಹೇಳೋನಲ್ಲ. ಕಾಲು ಹೋದಾಗ ಕಿವಿ ಐತಲ್ಲ ಅಂತ ಬದುಕಿದ್ನಿ. ಇನ್ನ ವಿಡಿಯೊ ತರಬ್ಯಾಡವ್ವ" ಎಂದರು.

ನಾನು ಹೋದೆ, ಹೋಗುತ್ತಲೇ ಇದ್ದೆ, ವಿಡಿಯೊ ಇಲ್ಲದೆ. ಅವರು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಹೊಸಬರು ಕಲಿಯಲು ಬಂದರೆ ವಾಪಸು ಕಳಿಸುತ್ತಿದ್ದರು. ಊಟ ಅರ್ಧಕ್ಕೆ ಬಿಡುತ್ತಿದ್ದರು. ಮನುಷ್ಯ ಕಣ್ಣೆದುರೇ ಸವೆಯುವುದನ್ನು ನೋಡುವ ಕಷ್ಟ ಯಾರಿಗೂ ಬೇಡ. ನನ್ನ ಗಂಡ "ಅಷ್ಟಕ್ಕೆ ಯಾಕೆ ಅಳ್ತೀ" ಎಂದಾಗ ನಾನು ಅವರ ಮೇಲೂ ಹರಿಹಾಯ್ದೆ.

ಒಂದು ದಿನ ಮಾಸ್ತರರ ಹೆಂಡತಿ ಪೆನ್‌ಡ್ರೈವಿನಲ್ಲಿ ಯಾವುದೋ ಹಳೆಯ ಪಿಕ್ಚರ್ ನೋಡುತ್ತ ಕುಳಿತಿದ್ದರು. ನಾನು ಮಂಡಾಳ ಒಗ್ಗರಣೆ ತಿನ್ನುತ್ತ ಪಕ್ಕದಲ್ಲಿದ್ದೆ.

"ನೋಡವ್ವ, ಈ ಟಿ.ವಿ. ಬಂದಾಗಿಂದ ಎಲ್ಲಾ ಪಿಚ್ಚರೂ ಧಾರಾವಾಹಿಯಂಗ ನುಣ್ಣಗ ಕಾಣ್ತಾವು. ಮ್ಯಾಲೆ ಬಾಯಿ ಒಂದ ಕಡಿ, ಮಾತು ಒಂದ ಕಡಿ. ಎಲ್ಲಾ ತೆಲುಗಿಂದು ಡಬ್ ಮಾಡಿರಬೇಕು ಬಿಡು."

ನಾನು ತಟ್ಟೆ ಕೆಳಗಿಟ್ಟು ಟಿ.ವಿ. ಹತ್ತಿರ ಹೋದೆ. ಅದು ತೆಲುಗಿನದಲ್ಲ, ನಮ್ಮ ಅಪ್ಪಟ ಕನ್ನಡದ ಚಿತ್ರ. ಮಾತು ಮೊದಲು ಬರುತ್ತಿತ್ತು, ತುಟಿ ಆಮೇಲೆ ಅಲ್ಲಾಡುತ್ತಿತ್ತು!

ನನ್ನ ಹಳೆಯ ಕುಣಿತ ಮೊಬೈಲಿನಲ್ಲಿತ್ತು. ತೆಗೆದು ನೋಡಿದೆ, ಕಾಲು ತಾಳದ ಮೇಲೇ ಇತ್ತು. ಅದೇ ಕುಣಿತ ಪೆನ್‌ಡ್ರೈವಿನಲ್ಲೂ ಉಳಿದಿತ್ತು; ಟಿ.ವಿ.ಯಲ್ಲಿ ಹಚ್ಚಿದೆ, ಕಾಲು ಹಿಂದೆ. ರಿಮೋಟ್ ಹಿಡಿದು ಒಳಗೆಲ್ಲ ತಡಕಾಡಿದೆ. ಓಟವನ್ನು ನುಣುಪು ಮಾಡುವ ಆಯ್ಕೆಯೊಂದು ಪೂರ್ತಿ ಏರಿಸಿಟ್ಟಿತ್ತು. ಅದನ್ನು ಬಂದ್ ಮಾಡಿದೆ, ಚಿತ್ರವನ್ನು ತಡಮಾಡದೆ ತೋರಿಸುವ ಗೇಮ್ ಮೋಡ್‌ಗೆ ತಂದೆ. ಕಾಲು ಧಪ್ ಎಂದು ತಾಳದ ಮೇಲೆ ಬಿತ್ತು. ಆಫೀಸಿನ ಎಂಜಿನಿಯರ್ ಒಬ್ಬರು ಆಮೇಲೆ ಬಿಡಿಸಿ ಹೇಳಿದರು: ಈ ಟಿ.ವಿ. ಎರಡು ಚಿತ್ರಗಳ ನಡುವೆ ತಾನೇ ಇನ್ನಷ್ಟು ಚಿತ್ರ ಕಲ್ಪಿಸಿ ತುಂಬುತ್ತದಂತೆ, ಓಟ ನಯವಾಗಲಿ ಎಂದು. ಕಲ್ಪಿಸಲು ಹೊತ್ತು ಬೇಕು, ಚಿತ್ರ ತಡವಾಗುತ್ತದೆ. ನಮ್ಮ ಸದ್ದು ಟಿ.ವಿ.ಯೊಳಗೆ ಹೋಗದೆ ನೇರ ಬಾಕ್ಸಿಗೆ ಬರುತ್ತಿದ್ದುದರಿಂದ ಅದು ಮುಂದಾಗಿ ಬಿಡುತ್ತಿತ್ತು. ಹಳೆಯ ಪ್ಲಾಸ್ಮಾದಲ್ಲಿ ಈ ಕಾರುಬಾರು ಇರಲಿಲ್ಲ.

ಎಂಜಿನಿಯರರ ಮಾತಿಗೆ ನಾನು ಕಾದಿರಲಿಲ್ಲ. ಆ ಹೊತ್ತಿಗೇ ಒಳಕೋಣೆಗೆ ಓಡಿಹೋಗಿ ಮಾಸ್ತರರನ್ನು ಎಬ್ಬಿಸಿ, ಎಳೆದು ತಂದಂತೆ ತಂದು ಕೂರಿಸಿದೆ. ಅವರು ಅಂದು ನಿಲ್ಲಿಸಿದ್ದ ಅದೇ ಕುಣಿತ ಹಚ್ಚಿದೆ. ನೋಡಿದರು. ಇನ್ನೊಮ್ಮೆ ಹಚ್ಚು ಎಂದರು. "ನಿಮ್ಮ ಕಿವಿ ಹೋಗಿಲ್ರಿ ಮಾಸ್ತರ್ರ! ಟಿ.ವಿ.ದೇ ತಪ್ಪು!" ಎಂದು ನಾನು ಕುಣಿದಾಡುತ್ತಿದ್ದೆ. ಅವರ ಮುಖದಲ್ಲಿ ಸಂತೋಷವಿರಲಿಲ್ಲ.

"ಟಿ.ವಿ.ಗೇನು ಗೊತ್ತವ್ವ? ನಿನ್ನ ಹೆಜ್ಜೀನ ಇಷ್ಟು ವರ್ಷ ಕೇಳೀನಿ. ಅವನ ಮದ್ದಳೀನ ಜೀವಮಾನ ಕೇಳೀನಿ. ಇಬ್ಬರನ್ನೂ ಬಿಟ್ಟು ಇದನ್ನ ಯಾಕ ನಂಬಿದ್ನಿ?"

ಅವರು ಕಣ್ಣೊರೆಸಿಕೊಂಡು, "ಅವನ್ನ ಕರಿ" ಎಂದರು.

ಕಾಕಾಗೆ ಫೋನ್ ಮಾಡಿ ಟಿ.ವಿ.ಯ ಕಥೆಯೆಲ್ಲ ಹೇಳಿದೆ. ಭಾನುವಾರ ಬೆಳಿಗ್ಗೆ ಮದ್ದಳೆ ಹೆಗಲಿಗೆ ಹಾಕಿಕೊಂಡು ಬಸ್ಸಿಳಿದರು. ಒಳಗೆ ಬಂದು ಕುಳಿತು, ನೀರನ್ನೂ ಕುಡಿಯದೆ ಬಾರಿಸಲು ಶುರು ಮಾಡಿದರು. ಮಾಸ್ತರರು ಕಣ್ಣು ಮುಚ್ಚಿದರು. ನಡುವೆ ಒಂದು ಕಡೆ ಅವರ ಹುಬ್ಬು ಗಂಟಾಯಿತು.

"ಲೇ, ಅಲ್ಲಿ ಒಂದು ಪೆಟ್ಟು ತಡಾತು."

"ಬೇಕಂತ್ಲೆ ಮಾಡಿದ್ನಲೇ."

"ಗೊತ್ತು."

ಕಾಕಾ ಮದ್ದಳೆ ಕೆಳಗಿಟ್ಟು ಅವರ ಸೊಟ್ಟ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತರು. ಮಾಸ್ತರರು "ಸಾಕು ಬಿಡಲೇ, ಹೆಣಮಕ್ಕಳ ಮುಂದ" ಎಂದು ಗದರಿಸುತ್ತ ತಾವೂ ಅತ್ತರು.

ಆಮೇಲೆ ನನ್ನನ್ನು ಕುಣಿಯಲು ಹೇಳಿದರು. ಕುಣಿದೆ. ಮುಚ್ಚಿದ ಕಣ್ಣು ತೆರೆಯದೆಯೇ, "ಮುಂದ ಬಂದೀಯವ್ವ" ಎಂದರು. ಅದರ ಹಿಂದೆಯೇ, "ಅದು ನಾ ಕಲಿಸಿದ್ದು" ಎಂದರು. ಟಿ.ವಿ.ಯನ್ನು ಒಂದು ಗುಂಡಿ ಒತ್ತಿ ಸರಿಮಾಡಿದ್ದೆ. ನನ್ನ ಕಾಲಿಗೆ ಅಂಥ ಗುಂಡಿ ಎಲ್ಲಿಂದ ತರಲಿ?

ಅಂದಿನಿಂದ ಅವರು ನನಗೆ ಮತ್ತೆ ಮೊದಲನೆಯ ಪಾಠದಿಂದ ಕಲಿಸಲು ಕುಳಿತರು. ಟಿ.ವಿ.ಗೆ ಸೀರೆಯೊಂದನ್ನು ಹೊದಿಸಿಬಿಟ್ಟಿದ್ದರು. "ತಡಿ, ತಾಳ ಬರಲಿ, ಅದೆಲ್ಲಿಗೆ ಓಡಿ ಹೋಗ್ತೈತಿ?" ಎನ್ನುತ್ತ, ಉಸಿರು ಕಟ್ಟಿದರೂ ಬಿಡದೆ ಹೇಳಿಕೊಟ್ಟರು. ಹೆಜ್ಜೆ ಒಂದು ವಾರ ಹದಕ್ಕೆ ಬರುತ್ತಿತ್ತು, ಇನ್ನೊಂದು ವಾರ ತಪ್ಪುತ್ತಿತ್ತು. ತಪ್ಪಿದ ದಿನ ಅವರು ಊಟ ಮಾಡುತ್ತಿರಲಿಲ್ಲ ಎಂದು ಅವರ ಹೆಂಡತಿ ನನಗೆ ಗುಟ್ಟಾಗಿ ಹೇಳಿದರು. ಆ ಪಾಠ ಮುಗಿಯಲಿಲ್ಲ. ಎರಡನೇ ಸಲ ಲಕ್ವ ಹೊಡೆದಾಗ ಮಾತು ಹೋಯಿತು, ಕೆಲವು ದಿನಕ್ಕೆ ಅವರೂ ಹೋದರು. ಹೆಣದ ಮುಂದೆ ಕಾಕಾ ಊರ ಹೊರಗಿನವರೆಗೂ ಮದ್ದಳೆ ಬಾರಿಸಿದರು.

ಈಗಲೂ ರಾಣಿಯ ಪಾತ್ರ ನನ್ನದೇ, ಮದ್ದಳೆ ಕಾಕಾರದೇ. ದಣಿದಾಗ ನನ್ನ ಕಾಲು ಇಂದಿಗೂ ಒಂದೆಳೆ ಮುಂದೆ ಬೀಳುತ್ತದೆ. ಆದರೆ ಆಟ ಕೆಡುವುದಿಲ್ಲ. ಕಾಕಾ ಯಾರಿಗೂ ತಿಳಿಯದಂತೆ ಪೆಟ್ಟನ್ನು ಮುಂದಕ್ಕೆಳೆದು ನನ್ನ ಹೆಜ್ಜೆಗೆ ಕೂಡಿಸುತ್ತಾರೆ. ಹೋದ ಸಲ ಬಣ್ಣ ತೊಳೆಯುತ್ತ ನಾನೇ ಕೇಳಿದೆ: "ಕಾಕಾ, ಬೈದು ತಿದ್ದಬಾರದೇನ್ರಿ?" ಅವರು ಮದ್ದಳೆಯ ಎಡಮುಖಕ್ಕೆ ಮೆತ್ತಿದ್ದ ಹಿಟ್ಟು ಕೆರೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಅವ ಕಡೀಗೆ ಕಲಿಸಿದ್ದು ಅದೊಂದ ಉಳದೈತಿ. ಇರ್ಲಿ ಬಿಡವ್ವ."